ಆರನೆಯ ಬೆರಳು

ಜನವರಿ 11

ಅಪ್ಪನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಏನೋ ಬೇಕಾಗಿಯೇ ಬರೆದಿದ್ದಾಳೆ ಎಂದು ಲಕೋಟೆ ಒಡೆಯುವ ಮೊದಲೇ ಸೋದರತ್ತೆಯ ಹತ್ತಿರ ಹೇಳಿರುತ್ತೀರಿ. ಹೌದು, ಬೇಕಾಗಿಯೇ.

ಮನೆ ಬಿಟ್ಟು ಬರುವಾಗ ನಿಮ್ಮನ್ನು ಕೇಳದೆ ಸ್ಟುಡಿಯೋದ ಹಳೇ ಕ್ಯಾಮೆರಾ ತಂದಿದ್ದೆ, ಬಗ್ಗಿ ಮೇಲಿನಿಂದ ನೋಡಿ ತೆಗೆಯುವಂಥದ್ದು. ಕಳ್ಳತನ ಎಂದರೆ ಕಳ್ಳತನವೇ. ನರ್ಸುಗಳ ಹಾಸ್ಟೆಲಿನಲ್ಲಿ ನನ್ನ ಟ್ರಂಕಿನೊಳಗೆ ಸ್ವೆಟರಿನ ಕೆಳಗೆ ಬಿದ್ದಿತ್ತು. ಹೋದ ತಿಂಗಳು ಹೊರಗೆ ತೆಗೆದೆ.

ಹೆರಿಗೆ ವಾರ್ಡಿನ ಕೊನೆಯಲ್ಲಿ ಒಂದು ಚಿಕ್ಕ ಕೋಣೆಯಿದೆ. ಮೊದಲು ಅಲ್ಲಿ ಹಾಸಿಗೆ ಬಟ್ಟೆ ಇಡುತ್ತಿದ್ದರು. ಈಗ ಸತ್ತು ಹುಟ್ಟಿದ ಮಕ್ಕಳನ್ನು, ಹುಟ್ಟಿ ಒಂದೆರಡು ದಿನಕ್ಕೆ ಹೋಗುವ ಮಕ್ಕಳನ್ನು ಮಣ್ಣಿಗೆ ಕೊಡುವವರೆಗೆ ಇಡುತ್ತಾರೆ. ಒಬ್ಬಳು ಟೀಚರು, ತನ್ನ ಮಗು ಹೋದ ಮೂರನೇ ದಿನ ನನ್ನ ಕೈ ಹಿಡಿದು, "ಸಿಸ್ಟರ್, ಅದರ ಮುಖ ಮರೆತುಹೋಗ್ತಾ ಇದೆ. ಮೂಗು ನೆನಪಿದೆ, ಕಣ್ಣು ನೆನಪಾಗ್ತಿಲ್ಲ" ಎಂದಳು. ಆ ಮಗುವನ್ನು ಒರೆಸಿ ಬಟ್ಟೆ ಸುತ್ತಿದವಳು ನಾನೇ. ನನಗೂ ನೆನಪಾಗಲಿಲ್ಲ. ನಾಚಿಕೆಯಾಯಿತು.

ನಿಮಗೆ ಗೊತ್ತು, ನಾಲ್ಕು ಜನರ ಎದುರು ಪ್ರಾರ್ಥನೆ ಹೇಳಲು ನನಗೆ ನಾಲಿಗೆ ಹೊರಳುವುದಿಲ್ಲ. ಹಾಸಿಗೆಯ ಪಕ್ಕ ಕೂತು ದೇವರ ಚಿತ್ತ ಎಂದು ಹೇಳಲು ಇನ್ನೂ ಹೊರಳುವುದಿಲ್ಲ. ನನ್ನ ಹತ್ತಿರ ಇರುವುದು ನೀವು ಕಲಿಸಿದ ಕೆಲಸ. ಕೈಯಲ್ಲಿ ಏನಿದೆಯೋ ಅದನ್ನೇ ದೇವರು ಕೇಳುತ್ತಾನೆ ಎಂದು ಭಾನುವಾರದ ಶಾಲೆಯಲ್ಲಿ ನೀವೇ ಹೇಳುತ್ತಿದ್ದಿರಿ. ಹಾಗಾಗಿ ಮೇಟ್ರನ್‌ರನ್ನು ಕೇಳಿ ಆ ಕೋಣೆಯಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಒಂದು ಮಗುವಿಗೆ ಒಂದೇ ಸಲ ಒತ್ತುತ್ತೇನೆ. ಅದೇ ನನ್ನ ಪ್ರಾರ್ಥನೆ.

ಇಲ್ಲಿ ತೊಳೆದು ಪ್ರಿಂಟ್ ಹಾಕಲು ವ್ಯವಸ್ಥೆ ಇಲ್ಲ. ರೋಲು ಕಳಿಸುತ್ತೇನೆ, ನೀವು ಮಾಡಿಕೊಡಬೇಕು. ಎರಡು ಮಾತು. ಪ್ರತಿ ಪ್ರಿಂಟನ್ನೂ ಬೇರೆ ಬೇರೆ ಕವರಿಗೆ ಹಾಕಿ, ಅಂಟಿಸಿ, ನಂಬರು ಬರೆದು ಕಳಿಸಿ. ತಾಯಿಗಿಂತ ಮೊದಲು ನಾನು ನೋಡುವುದಿಲ್ಲ, ಅದು ನಾನು ಹಾಕಿಕೊಂಡ ನಿಯಮ. ಇನ್ನೊಂದು, ಏನನ್ನೂ ತಿದ್ದಬೇಡಿ. ಇದ್ದದ್ದು ಇದ್ದ ಹಾಗೆ.

ನಿಮ್ಮ ಮಗಳು

———

ಜನವರಿ 24

ಮಗಳಿಗೆ,

ಕ್ಯಾಮೆರಾ ಹೋಗಿದ್ದು ಅವತ್ತು ಸಂಜೆಯೇ ಗೊತ್ತಾಗಿತ್ತು. ಕಳ್ಳಿ ಲೆನ್ಸಿನ ಮುಚ್ಚಳ ಇಲ್ಲೇ ಮರೆತಿದ್ದಳು. ಇದರೊಡನೆ ಕಳಿಸಿದ್ದೇನೆ, ಹಾಕಿಕೋ.

ನಿನ್ನ ರೋಲು ಬಂತು. ತೊಳೆದೆ. ಕೆಂಪು ದೀಪದ ಕೆಳಗೆ ಮೊದಲನೇ ಪ್ರಿಂಟು ನೀರಿನೊಳಗಿಂದ ಮೇಲೆ ಬರುವಾಗ ನಲವತ್ತು ವರ್ಷದಲ್ಲಿ ಮೊದಲ ಸಲ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಚ್ಚರಿಕೆ ಕೊಟ್ಟಿದ್ದೆ ನಿಜ. ಆದರೂ ಓದುವುದು ಬೇರೆ, ನೋಡುವುದು ಬೇರೆ.

ನನ್ನ ಬದುಕು ನಿನಗೆ ಗೊತ್ತಿರುವುದೇ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ನಗಬೇಡಿ ಎಂದರೆ ನಗುತ್ತಾರೆ, ಮದುವೆಯವರು ನಗಿ ಎಂದರೆ ಅಳುತ್ತಾರೆ. ಅದನ್ನೆಲ್ಲ ಸಹಿಸಿದವನಿಗೆ ಇದೂ ಆಗುತ್ತದೆ. ಮಾಡಿಕೊಡುತ್ತೇನೆ.

ಆದರೆ ತಿದ್ದಬೇಡಿ ಎಂದದ್ದು ನನಗೆ ಹಿಡಿಸಲಿಲ್ಲ. ನನ್ನ ಕೈ ಏನೆಂದು ನಿನಗೆ ಗೊತ್ತು. ಸಿಡುಬಿನ ಕಲೆಯವರನ್ನು ಹಾಲುಗಲ್ಲದವರನ್ನಾಗಿ ಮಾಡಿದ್ದೇನೆ. ಓರೆಗಣ್ಣನ್ನು ನೇರ ಮಾಡಿದ್ದೇನೆ. ಕೊನೆಯ ದಿನ ದೇವರು ನಮ್ಮನ್ನೆಲ್ಲ ಕಲೆ, ಸುಕ್ಕು ಇಲ್ಲದೆ ನಿಲ್ಲಿಸಿಕೊಳ್ಳುತ್ತಾನೆ ಎಂದು ನಂಬಿದವನು ನಾನು. ಅಲ್ಲಿಯವರೆಗೆ ಆ ಕೆಲಸದಲ್ಲಿ ಒಂದು ಚಮಚದಷ್ಟು ನಾನು ಮಾಡಿದರೆ ತಪ್ಪೇನು? ಜನ ತಮ್ಮ ಫೋಟೋ ನೋಡಿ ಸಮಾಧಾನದಿಂದ ಹೋಗುತ್ತಾರೆ. ಅದನ್ನು ನಾನು ಸೇವೆ ಎಂದೇ ತಿಳಿದಿದ್ದೇನೆ.

ಇರಲಿ. ನಿನ್ನ ಮಾತು, ನಿನ್ನ ಕವರು. ಐದೂ ಅಂಟಿಸಿ ಕಳಿಸಿದ್ದೇನೆ. ನಿನ್ನ ಹಳೇ ಕೆಮ್ಮು ಹೇಗಿದೆ ಎಂದು ಅತ್ತೆ ಕೇಳಿದಳು. ನಾನು ಕೇಳಲಿಲ್ಲ.

ಅಪ್ಪ

———

ಫೆಬ್ರವರಿ 20

ಅಪ್ಪನಿಗೆ,

ಕವರುಗಳು ಸರಿಯಾಗಿ ಬಂದವು. ಮುಚ್ಚಳವೂ ಬಂತು. ಕೆಮ್ಮು ವಾಸಿಯಾಗಿದೆ ಎಂದು ಅತ್ತೆಗೆ ಹೇಳಿ. ನಿಮಗೆ ಹೇಳಲಿಲ್ಲ.

ಆ ಟೀಚರ ಮಗುವಿಗೆ ಫೋಟೋ ಇರಲಿಲ್ಲ, ಅವಳಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ. ಉಳಿದವರಿಗೆ ಕೊಟ್ಟೆ. ಒಬ್ಬಳು ಕವರು ಒಡೆಯಲೇ ಇಲ್ಲ. ರವಿಕೆಯೊಳಗೆ ಇಟ್ಟುಕೊಂಡು, "ಮನೆಗೆ ಹೋಗಿ ನೋಡ್ತೀನಿ, ಇಲ್ಲಿ ನೋಡಿದ್ರೆ ಮನೆಗೆ ಹೋಗೋಕಾಗಲ್ಲ" ಎಂದಳು. ಇನ್ನೊಬ್ಬಳ ಮಾವ ಫೋಟೋ ಹರಿದುಹಾಕಿದರು. ಅಪಶಕುನವಂತೆ. ಚೂರುಗಳನ್ನು ಅವಳು ಆರಿಸಿಕೊಂಡಳು.

ಎರಡನೇ ರೋಲು ಕಳಿಸಿದ್ದೇನೆ, ಆರರಿಂದ ಹನ್ನೊಂದರವರೆಗೆ ನಂಬರು. ಯಾವ ಮಗು ಯಾರದು, ಏನಾಯಿತು ಎಂದೆಲ್ಲ ಬರೆಯುವುದಿಲ್ಲ. ಬರೆಯುವಷ್ಟು ಮಾತು ನಮ್ಮಿಬ್ಬರ ನಡುವೆ ಎಂದೂ ಇರಲಿಲ್ಲ. ನಂಬರು ಸಾಕು.

ನಿಮ್ಮ ಮಗಳು

———

ಮಾರ್ಚ್ 3

ಮಗಳಿಗೆ,

ಆರೂ ಕಳಿಸಿದ್ದೇನೆ. ಅಂಟು ಗಟ್ಟಿಯಾಗಿದೆ, ನಿನ್ನ ನಿಯಮ ಮುರಿಯುವ ಆಸೆ ಬಂದರೂ ಸುಲಭವಾಗಿ ಬಿಡುವುದಿಲ್ಲ.

ಏಳನೆಯ ಮಗು ಬಹಳ ಮುದ್ದಾಗಿದೆ. ಕಪ್ಪು ಶಾಲಿನ ಮೇಲೆ, ಕೆನ್ನೆಯ ಹತ್ತಿರ ಕೈ ಇಟ್ಟುಕೊಂಡು ಮಲಗಿದ ಹಾಗೇ ಇದೆ. ಅದರ ಕೆಲಸಕ್ಕೇ ಒಂದು ಮಧ್ಯಾಹ್ನ ಕೂತಿದ್ದೆ. ಅರವತ್ತೆಂಟಾದರೂ ಈ ಕೈಗೆ ಹಿಡಿತ ಇನ್ನೂ ಇದೆ ಎಂದು ನಿನ್ನ ಅತ್ತೆಗೆ ಹೇಳಿದೆ. ಆ ತಾಯಿ ನೋಡಿ ನೆಮ್ಮದಿಪಡುತ್ತಾಳೆ. ನನಗೆ ಥ್ಯಾಂಕ್ಸ್ ಗೀಂಕ್ಸ್ ಬೇಡ.

ಅಪ್ಪ

———

ಮಾರ್ಚ್ 19

ಅಪ್ಪನಿಗೆ,

ಒಂದು ಪ್ರಶ್ನೆ ಕೇಳುತ್ತೇನೆ. ಹೌದು ಅಥವಾ ಇಲ್ಲ ಎಂದು ಮೂರು ದಿನದೊಳಗೆ ಉತ್ತರ ಬರೆಯಿರಿ. ಏಳನೆಯ ಫೋಟೋದ ನೆಗೆಟಿವಿನಲ್ಲಿ ನೀವು ಚಾಕುವಿನಿಂದ ಏನಾದರೂ ಕೆರೆದಿರಾ?

ಯಾಕೆ ಕೇಳುತ್ತಿದ್ದೇನೆಂದು ಈಗ ಬರೆಯುತ್ತೇನೆ. ಮೊದಲೇ ಬರೆಯಬೇಕಿತ್ತು. ಅದು ಹೆಣ್ಣುಮಗು, ಎರಡು ದಿನ ಬದುಕಿತ್ತು. ತಾಯಿ ಗಾರ್ಮೆಂಟ್ಸಿನಲ್ಲಿ ಗುಂಡಿ ಹಾಕುವವಳು. ತಂದೆ ಲಾರಿ ಡ್ರೈವರ್, ದೂರದ ಲೋಡು ಹಾಕಿಕೊಂಡು ಹೋಗಿದ್ದ, ಸುದ್ದಿ ಮುಟ್ಟಿಸಲು ಆಗಲಿಲ್ಲ. ಅವನು ಬರುವಷ್ಟರಲ್ಲಿ ಮಗು ಮಣ್ಣು ಸೇರಿ ಹನ್ನೊಂದು ದಿನ. ಮಗುವಿನ ಬಲಗೈಯಲ್ಲಿ ಆರು ಬೆರಳಿತ್ತು. ಕಿರುಬೆರಳ ಪಕ್ಕ ಒಂದು ಪುಟ್ಟ ಬೆರಳು, ಅಕ್ಕಿಕಾಳಿನಷ್ಟು ಉಗುರು. ಡ್ರೈವರನ ಕೈಯಲ್ಲೂ ಅದೇ ಇದೆ. ಅವನ ಅಪ್ಪನಿಗೂ ಇತ್ತಂತೆ. ಫೋಟೋ ತೆಗೆಯುವಾಗ ಆ ತಾಯಿಯೇ ಮಗುವಿನ ಕೈಯನ್ನು ಕೆನ್ನೆಯ ಹತ್ತಿರ ಬಿಡಿಸಿಟ್ಟಳು. "ಈ ಬೆರಳು ಕಾಣೋ ಹಾಗೆ ತೆಗೀರಿ ಸಿಸ್ಟರ್, ಅವರಿಗೆ ತೋರಿಸಬೇಕು" ಎಂದಳು.

ಇದನ್ನು ನಿಮಗೆ ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ನಂಬರು ಸಾಕು ಎಂದು ಜಂಬ ಕೊಚ್ಚಿದೆ.

ಆ ತಾಯಿ ಕವರು ಒಡೆದು ನೋಡಿದರೆ ಐದು ಬೆರಳು. ಡ್ರೈವರ್ ವಾರ್ಡಿಗೆ ಬಂದು ಫೋಟೋವನ್ನು ನನ್ನ ಮುಂದೆ ಹಿಡಿದ. "ಎಣಿಸಿ" ಎಂದ. ಎಣಿಸಿದೆ. "ಜೋರಾಗಿ ಎಣಿಸಿ" ಎಂದ. ಜೋರಾಗಿ ಎಣಿಸಿದೆ. ಆಮೇಲೆ ತನ್ನ ಬಲಗೈಯನ್ನು ಮೇಜಿನ ಮೇಲೆ ಇಟ್ಟು, "ನನ್ನ ಹೆಂಡ್ತಿ ಸುಳ್ಳು ಹೇಳಲ್ಲ. ಇದು ಬೇರೆ ಯಾರದೋ ಮಗು. ನನ್ನ ಮಗಳು ಎಲ್ಲಿ?" ಎಂದು ಕೇಳಿದ.

ಹೆರಿಗೆ ರಿಜಿಸ್ಟರು ತೆಗೆದು ನೋಡಿದೆವು. ಡಾಕ್ಟರು ಅವಸರದಲ್ಲಿ, ಎಲ್ಲ ಮಕ್ಕಳಿಗೂ ಬರೆಯುವ ಹಾಗೆ, ದೇಹ ಸರಿಯಾಗಿದೆ ಎಂದು ಒಂದು ಗೀಟು ಎಳೆದಿದ್ದಾರೆ. ಅದೇ ದಿನ ಇಲ್ಲಿ ಇನ್ನೂ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದರು. ಮಗು ಅದಲುಬದಲಾಗಿದೆ, ಅವನ ಮಗಳು ಯಾರದೋ ಮನೆಯಲ್ಲಿ ಬೆಳೆಯುತ್ತಿದ್ದಾಳೆ ಎಂದು ಅವನ ಲೆಕ್ಕ. ಹೆಂಡತಿ ಹುಟ್ಟಿದಾಗ ಕಂಡ ಬೆರಳು ನಿಜ, ಸತ್ತ ಮಗುವಿನ ಕೈಯಲ್ಲಿ ಕಂಡದ್ದು ದುಃಖದ ಭ್ರಮೆ ಎನ್ನುತ್ತಾನೆ. ಲಾರಿ ಬಿಟ್ಟಿದ್ದಾನೆ. ದಿನಾ ಆಸ್ಪತ್ರೆಯ ಗೇಟಿನಲ್ಲಿ ನಿಂತು, ಮಗು ಎತ್ತಿಕೊಂಡು ಹೋಗುವ ಪ್ರತಿಯೊಬ್ಬರ ಹತ್ತಿರವೂ ಕೈಮುಗಿದು, "ಒಂದು ಸಲ ಕೈ ತೋರಿಸಿ" ಎನ್ನುತ್ತಾನೆ. ಕೆಲವರು ತೋರಿಸುತ್ತಾರೆ. ಕೆಲವರು ವಾಚ್‌ಮನ್‌ನನ್ನು ಕೂಗುತ್ತಾರೆ.

ಅವನ ಹೆಂಡತಿಯ ಸ್ಥಿತಿ ಇನ್ನೂ ಕೆಟ್ಟದ್ದು. ತನ್ನ ತೊಡೆಯ ಮೇಲೆಯೇ ಮಗು ಹೋದದ್ದನ್ನು ನೋಡಿದವಳು. ಮೊನ್ನೆ ನನ್ನನ್ನು ಪಕ್ಕಕ್ಕೆ ಕರೆದು, "ಸಿಸ್ಟರ್, ಅವಳು ಇದ್ದಾಳಾ? ನಿಜ ಹೇಳಿ, ಯಾರಿಗೂ ಹೇಳಲ್ಲ" ಎಂದಳು. ಅಂಗಿ ಹೊಲಿಯುತ್ತಿದ್ದಾಳೆ ಅಪ್ಪ. ಹುಟ್ಟಿದ ಮಗುವಿನ ಅಳತೆಗಲ್ಲ. ಒಂದೂವರೆ ತಿಂಗಳು ತುಂಬಿದ ಮಗುವಿನ ಅಳತೆಗೆ.

ಹೌದಾ, ಇಲ್ಲವಾ?

ನಿಮ್ಮ ಮಗಳು

———

ಮಾರ್ಚ್ 24

ಮಗಳಿಗೆ,

ನೆಗೆಟಿವಿನ ಮೇಲೆ ಧೂಳು ಕೂತಿರುತ್ತದೆ, ಗೀರು ಬಿದ್ದಿರುತ್ತದೆ. ಯಾವ ಸ್ಟುಡಿಯೋದವನೂ ಅದನ್ನು ಒರೆಸದೆ ಪ್ರಿಂಟ್ ಹಾಕುವುದಿಲ್ಲ. ಅಷ್ಟು ಮಾಡಿದ್ದೇನೆ. ಪುಟ್ಟ ಮಗುವಿನ ಕೈ, ಮಡಚಿಕೊಂಡಿರುತ್ತದೆ, ಒಂದು ಬೆರಳು ಮರೆಯಾಗಿರಬಹುದು. ನೀನು ಫೋಕಸ್ ಸರಿಯಾಗಿ ಹಿಡಿದಿರಲಿಕ್ಕಿಲ್ಲ.

ಒಬ್ಬ ಲಾರಿ ಡ್ರೈವರನಿಗೆ ತಲೆ ಕೆಟ್ಟರೆ ಅದಕ್ಕೆ ಸ್ಟುಡಿಯೋದವನು ಹೊಣೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಿಮ್ಮ ಆಸ್ಪತ್ರೆಯ ಪಾದ್ರಿಗಳನ್ನು ಕಳಿಸಿ ಅವನಿಗೆ ನಾಲ್ಕು ಸಮಾಧಾನದ ಮಾತು ಹೇಳಿಸು. ಈ ವಾರ ಚರ್ಚಿನ ಹಿರಿಯರ ಸಭೆ ಇದೆ, ನನಗೆ ಬಿಡುವಿಲ್ಲ.

ಅಪ್ಪ

———

ಮಾರ್ಚ್ 28

ಅಪ್ಪನಿಗೆ,

ಫೋಕಸ್ ಸರಿಯಾಗಿತ್ತು. ಫೋಕಸ್ ಹಿಡಿಯುವುದನ್ನು ಕಲಿಸಿದವರು ನೀವು.

ನಾನು ಆಣೆ ಮಾಡಿ ಹೇಳಬಲ್ಲೆ, ಬೆರಳಿತ್ತು, ನಿಮ್ಮ ಚಾಕು ಅದನ್ನು ತಿಂದಿದೆ. ಬಿಳಿ ಬೆರಳು, ಕಪ್ಪು ಶಾಲು. ನೆಗೆಟಿವಿನಲ್ಲಿ ಅದು ತಿರುಗುಮುರುಗು, ಬೆರಳು ದಪ್ಪ ಕಪ್ಪಾಗಿ ಕಾಣುತ್ತದೆ, ಸುತ್ತಲಿನ ಶಾಲು ತೆಳ್ಳಗೆ. ಚಾಕುವಿನ ತುದಿಯಿಂದ ಪದರ ಪದರವಾಗಿ ಕೆರೆದರೆ ಬೆರಳು ಶಾಲಿನಲ್ಲಿ ಕರಗಿಹೋಗುತ್ತದೆ. ನನಗೆ ಇದು ಹೇಗೆ ಗೊತ್ತು ಎಂದು ಕೇಳಬೇಡಿ. ಆರು ವರ್ಷದಿಂದ ಇಪ್ಪತ್ತೊಂಬತ್ತರವರೆಗೆ ನನ್ನ ಕೊರಳ ಮೇಲಿನ ಸುಟ್ಟ ಕಲೆಯನ್ನು ನೀವು ಹೀಗೇ ಕೆರೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ನಮ್ಮ ಹಜಾರದ ಗೋಡೆಯ ಮೇಲೆ ನನ್ನ ಹದಿನಾಲ್ಕು ಫೋಟೋ ಇವೆ. ಒಂದರಲ್ಲೂ ನಾನಿಲ್ಲ.

ಅಂಥದೊಂದು ಫೋಟೋ ನೋಡಿ ಮದುವೆಗೆ ನನ್ನನ್ನು ಕೇಳಿಕೊಂಡು ಮೂರು ಮನೆಯವರು ಬಂದರು. ನನ್ನನ್ನು ನೋಡಿದರು, ಟೀ ಕುಡಿದರು, ಹೋದರು. ಮೂರನೆಯವರು ಹೋದ ಮೇಲೆ ನೀವು, "ಫೋಟೋ ಚೆನ್ನಾಗೇ ಬಂದಿತ್ತಲ್ಲ" ಎಂದಿರಿ. ಅವತ್ತೇ ನಾನು ಟ್ರಂಕು ಕಟ್ಟಿದ್ದು. ಎರಡು ವರ್ಷದಿಂದ ಹೇಳಿರಲಿಲ್ಲ, ಈಗ ಹೇಳಿದೆ.

ಕೊನೆಯ ದಿನ ಕಲೆ, ಸುಕ್ಕು ಇರುವುದಿಲ್ಲ ಎಂದು ಬರೆದಿದ್ದಿರಿ. ನನಗೆ ದೊಡ್ಡ ಮಾತು ಬರುವುದಿಲ್ಲ. ಒಂದು ಮಾತ್ರ ಗೊತ್ತು. ಯೇಸು ಸಮಾಧಿಯಿಂದ ಎದ್ದು ಬಂದಾಗ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ತಂದೆಯಾದ ದೇವರು ಅದನ್ನು ಅಳಿಸಲಿಲ್ಲ. ಅಳಿಸಿದ್ದರೆ ನಂಬದೆ ನಿಂತಿದ್ದ ಆ ಶಿಷ್ಯ ಯಾವುದನ್ನು ನೋಡಿ ಗುರುತು ಹಿಡಿಯುತ್ತಿದ್ದ? ಈ ಡ್ರೈವರನಿಗೆ ತನ್ನ ಮಗಳ ಗುರುತು ಅದೊಂದೇ ಇತ್ತು.

ಈಗ ಸುದ್ದಿ. ಸಮಾಧಿ ತೆಗೆಸಬೇಕೆಂದು ಅವನು ಅರ್ಜಿ ಕೊಟ್ಟಿದ್ದ, ಒಪ್ಪಿಗೆ ಸಿಕ್ಕಿದೆ. ಬರುವ ಸೋಮವಾರವಲ್ಲ, ಅದರಾಚೆಯ ಸೋಮವಾರ, ಏಪ್ರಿಲ್ 6. ಎಂಟು ವಾರ ಮಣ್ಣಿನಲ್ಲಿದ್ದ ಎರಡು ದಿನದ ಮಗು. ಅಲ್ಲಿ ಏನು ಉಳಿದಿರುತ್ತದೆ, ಏನು ಉಳಿದಿರುವುದಿಲ್ಲ ಎಂದು ನರ್ಸಾದ ನನಗೆ ಗೊತ್ತು. ಅಷ್ಟು ಸಣ್ಣ ಬೆರಳು ಸಿಗುವುದಿಲ್ಲ ಅಪ್ಪ. ಸಿಗದಿದ್ದರೆ ಅವನು ಸಾಯುವವರೆಗೂ ಹುಡುಕುತ್ತಾನೆ. ಆ ತಾಯಿಯೂ ಗುಂಡಿಯ ಪಕ್ಕ ನಿಂತು ನೋಡಬೇಕಂತೆ.

ಮೇಟ್ರನ್ ಕ್ಯಾಮೆರಾ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅವರ ಕಷ್ಟ ಅವರದು. ನನ್ನ ಕೆಲಸ ಹೋದರೆ ಹೋಗಲಿ. ನೀವು ಆ ನೆಗೆಟಿವ್ ತೆಗೆದುಕೊಂಡು ಬನ್ನಿ. ಅವನ ಎದುರು ನಿಂತು, ನಾನು ಕೆರೆದೆ ಎಂದು ಹೇಳಿ. ಐದು ಅಕ್ಷರದ ಮಾತು.

ನಿಮ್ಮ ಮಗಳು

———

ಏಪ್ರಿಲ್ 1

ಪುಟ್ಟಿಗೆ ಅತ್ತೆ ಬರೆಯುವುದು,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ತಾಳ್ಮೆಯಿಂದ ಓದಿಕೋ. ನಿನ್ನ ಕೊನೆಯ ಕಾಗದ ಬಂದ ದಿನದಿಂದ ನಿಮ್ಮಪ್ಪ ಸ್ಟುಡಿಯೋ ಬಾಗಿಲು ತೆಗೆದಿಲ್ಲ. ಕಿಟಕಿಯ ಹತ್ತಿರ ಕೂತು ಒಂದು ನೆಗೆಟಿವ್ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಾನೆ, ಇಡುತ್ತಾನೆ, ಮತ್ತೆ ನೋಡುತ್ತಾನೆ. ಊಟಕ್ಕೆ ಕರೆದರೆ, "ನಾನೇನೂ ಮಾಡಿಲ್ಲ" ಅಂದ. ನಾನು ಊಟಕ್ಕೆ ಕರೆದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನಿನ್ನೆ ಕೇಳಿಯೇ ಬಿಟ್ಟೆ. ಅಣ್ಣಾ, ಕೆರೆದೆಯಾ ಅಂತ. ಭೂತಗನ್ನಡಿ ಕೆಳಗಿಟ್ಟು, "ಪಾಪ ಆ ತಾಯಿಗೆ ಮಗು ಅಂದವಾಗಿ ಕಾಣಲಿ ಅಂತ ಮಾಡ್ದೆ. ಮಧ್ಯಾಹ್ನ ಪೂರ್ತಿ ದೇವರ ಹಾಡು ಹೇಳ್ಕೊಂಡು ಮಾಡ್ದೆ" ಅಂದ. ಆಮೇಲೆ ಅತ್ತ. ನಿಮ್ಮಮ್ಮ ಹೋದಾಗಲೂ ಹೀಗೆ ಅತ್ತಿರಲಿಲ್ಲ.

ಹಿರಿಯರ ಸಭೆಯಲ್ಲಿ ಗೊತ್ತಾದರೆ ಮಾನ ಹೋಗುತ್ತದೆ ಅನ್ನುತ್ತಾನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ, ಆದರೆ ನೀನು ಕಳೆದದ್ದು ಅವರ ಮಗುವನ್ನು, ನಿನ್ನ ಮಾನ ಅಲ್ಲ ಅಂದೆ. ಇವತ್ತು ಬೆಳಿಗ್ಗೆ ಚೀಲ ತುಂಬಿಕೊಳ್ಳುತ್ತಿದ್ದ. ಬಟ್ಟೆಗಿಂತ ಹೆಚ್ಚು ಔಷಧಿ ಬಾಟಲಿ, ತೊಳೆಯುವ ಡಬ್ಬಿ, ಪೇಪರು. ಚಾಕುವನ್ನೂ ಇಟ್ಟುಕೊಂಡ. ಅದು ಯಾಕೆ ಅಂದರೆ ಹೇಳಲಿಲ್ಲ. ಶನಿವಾರ ಅಲ್ಲಿಗೆ ಮುಟ್ಟುತ್ತಾನೆ. ಸಿಟ್ಟಿದ್ದರೂ ಒಂದು ಲೋಟ ನೀರು ಕೊಡು.

ನಿನ್ನ ಅತ್ತೆ

———

ಏಪ್ರಿಲ್ 9

ಮಗಳಿಗೆ,

ನಿನ್ನ ಮುಖ ನೋಡದೆ ಬಸ್ಸು ಹತ್ತಿದೆ. ಎದುರಿಗೆ ನಿಂತು ಹೇಳುವ ಧೈರ್ಯ ಇರಲಿಲ್ಲ. ಎಕ್ಸ್-ರೇ ವಿಭಾಗದ ಕತ್ತಲೆ ಕೋಣೆಯಲ್ಲಿ ನಾನೂ ಆ ಡ್ರೈವರನೂ ಇದ್ದಾಗ ನೀನು ಆ ತಾಯಿಯೊಡನೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ಬರೆಯುತ್ತೇನೆ.

ಮೊದಲು ಅವನಿಗೆ ನೆಗೆಟಿವ್ ತೋರಿಸಿದೆ. ಮುಂದಿನ ಕೋಣೆಯ ಕಿಟಕಿಗೆ ಓರೆಯಾಗಿ ಹಿಡಿದು, ಇಲ್ಲಿ ನೋಡು, ಹೊಳಪಿಲ್ಲದೆ ಮಂಕಾಗಿದೆಯಲ್ಲ, ಅಲ್ಲಿ ಕೆರೆದಿದ್ದೇನೆ ಎಂದೆ. ಅವನು ನೋಡಿದ. "ಗೀರು ಅಂದ್ರೆ ಗೀರು. ಕೆರೆದದ್ದು ಬೆರಳನ್ನೇ ಅಂತ ಅದು ಹೇಳುತ್ತಾ? ನೀವು ಆ ಸಿಸ್ಟರ್ ಅಪ್ಪ. ಮಗಳನ್ನ ಉಳಿಸೋಕೆ ಬಂದಿದ್ದೀರಿ. ನಾನೂ ನನ್ನ ಮಗಳನ್ನೇ ಹುಡುಕ್ತಿರೋದು" ಎಂದ. ಒರಟನಲ್ಲ. ಬಹಳ ಸಣ್ಣ ಧ್ವನಿಯಲ್ಲಿ ಮಾತಾಡುತ್ತಾನೆ.

ಹೀಗಾಗಬಹುದು ಎಂದುಕೊಂಡೇ ಸಾಮಾನು ತಂದಿದ್ದೆ. ಅದೇ ಕಪ್ಪು ಶಾಲನ್ನು ಕೇಳಿ ತರಿಸಿ ಕಿಟಕಿಯ ಹತ್ತಿರ ಹಾಸಿದೆ. ನಿನ್ನ ಬಲಗೈ ಇದರ ಮೇಲಿಡು ಎಂದೆ. ಇಟ್ಟ. ನಾನು ತಂದಿದ್ದ ಕ್ಯಾಮೆರಾದಲ್ಲಿ ತೆಗೆದೆ. ಅವನನ್ನು ಒಳಗೆ ಕರೆದುಕೊಂಡು ಹೋಗಿ, ಕತ್ತಲಲ್ಲಿ ಫಿಲ್ಮು ತೊಳೆಯುವ ಡಬ್ಬಿಯನ್ನು ಅವನ ಕೈಗೇ ಕೊಟ್ಟು ಅಲ್ಲಾಡಿಸಲು ಹೇಳಿದೆ, ನಾನು ಏನೂ ಬದಲಾಯಿಸಲಿಲ್ಲ ಎಂದು ಅವನಿಗೆ ಗೊತ್ತಾಗಲಿ ಎಂದು. ಫಿಲ್ಮು ಒಣಗಲು ಒಂದೂವರೆ ಗಂಟೆ. ಅಷ್ಟು ಹೊತ್ತೂ ಫ್ಯಾನಿನ ಕೆಳಗೆ ಇಬ್ಬರೂ ಎದುರುಬದುರು ಕೂತಿದ್ದೆವು. ಅವನು ಒಂದು ಸಲ ಮಾತ್ರ ಮಾತಾಡಿದ. "ಅವಳ ಬೆರಳಲ್ಲಿ ಉಗುರಿತ್ತಂತೆ" ಎಂದ. ಇತ್ತು ಎಂದೆ. ನನ್ನ ಚಾಕುವಿನ ಕೆಳಗೆ ಮೊದಲು ಹೋದದ್ದು ಅದೇ.

ಕೆಂಪು ದೀಪದ ಕೆಳಗೆ ಮೊದಲನೇ ಪ್ರಿಂಟು ಹಾಕಿದೆ, ನೆಗೆಟಿವಿನ ಅಳತೆಯದೇ, ಅಂಗೈಗಿಂತ ಚಿಕ್ಕದು. ಆರು ಬೆರಳು. ಆಮೇಲೆ ಅವನು ನೋಡುತ್ತಿರುವಂತೆಯೇ ಚಾಕು ತೆಗೆದುಕೊಂಡು ಕೆರೆದೆ. ಮಾರ್ಚಿನಲ್ಲಿ ಹಿಡಿತ ಇದೆ ಎಂದು ಜಂಬಪಟ್ಟ ಅದೇ ಕೈಯಿಂದ. ಎರಡನೇ ಪ್ರಿಂಟನ್ನು ನೀರಿಗೆ ಬಿಟ್ಟೆ. ಅವನದೇ ಕೈ, ಅವನದೇ ಗಾಯದ ಗುರುತು, ಅವನದೇ ಉಂಗುರ, ಐದು ಬೆರಳು.

ಅವನು ಬಗ್ಗಿ ನೋಡಿದ. ಎಡಗೈಯಿಂದ ತನ್ನ ಆರನೇ ಬೆರಳನ್ನು ಹಿಡಿದುಕೊಂಡ, ಇದೆಯೋ ಇಲ್ಲವೋ ಎಂದು ನೋಡುವವನ ಹಾಗೆ.

"ಎಷ್ಟು ಹೊತ್ತು ಹಿಡೀತು?" ಎಂದ.

"ಹತ್ತು ನಿಮಿಷ."

"ನನ್ನ ಮಗಳದ್ದು?"

ಅವಳದ್ದಕ್ಕೆ ಒಂದು ಮಧ್ಯಾಹ್ನ ಹಿಡಿದಿತ್ತು, ಅಷ್ಟು ಸಣ್ಣದು, ಅಷ್ಟು ನಾಜೂಕಾಗಿ ಮಾಡಿದ್ದೆ. ಅದನ್ನೇ ಹೇಳಿದೆ.

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ. "ಹಾಗಾದ್ರೆ ಅವಳು ಇಲ್ಲ" ಎಂದ. ಇಷ್ಟೇ. ಆಮೇಲೆ ಅವನು ಅತ್ತದ್ದು ಹೊರಗೆ ನಿಮಗೂ ಕೇಳಿಸಿರಬೇಕು.

ನಾನು ನಿಜ ಹೇಳಿ ಹಗುರಾಗಲು ಹೋಗಿದ್ದೆ, ಮಗಳೇ. ಅವನ ಲೆಕ್ಕದಲ್ಲಿ ಅವನ ಮಗು ಇಷ್ಟು ದಿನ ಎಲ್ಲೋ ಯಾರದೋ ಮಡಿಲಲ್ಲಿ ಬದುಕಿತ್ತು. ಅದನ್ನು ಬದುಕಿಸಿದ ಸುಳ್ಳು ನನ್ನದು, ಆ ಕೋಣೆಯಲ್ಲಿ ಅದನ್ನು ಕೊಂದದ್ದೂ ನಾನೇ. ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಅವನು ಹೇಳಿದಾಗ ನನಗೆ ಸಂತೋಷವಾಗಲಿಲ್ಲ. ಆರು ಬೆರಳಿನ ಪ್ರಿಂಟನ್ನು ಜೇಬಿಗಿಟ್ಟುಕೊಂಡ. ಇನ್ನೊಂದನ್ನು ನಾನು ಹರಿದೆ. ಚಾಕುವನ್ನು ಅಲ್ಲೇ ಬಿಟ್ಟು ಬಂದೆ.

ಇನ್ನೊಂದು ಬರೆಯಬೇಕು. ಬರೆಯದಿದ್ದರೆ ಇದನ್ನೂ ಕೆರೆದ ಹಾಗಾಗುತ್ತದೆ. ನಿನಗೆ ಆರು ವರ್ಷವಾಗಿದ್ದಾಗ, ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಬಿಸಿನೀರಿನ ಕೆಟಲನ್ನು ನೀನು ಎಳೆದುಕೊಂಡೆ ಎಂದು ನಿನ್ನ ಅಮ್ಮನಿಗೆ ಹೇಳಿದೆ. ಅವಳು ಸಾಯುವವರೆಗೂ, ಸುಮ್ಮನಿರದ ಕೈ ಎಂದು ನಿನ್ನನ್ನು ಬೈಯುತ್ತಿದ್ದಳು. ನೀನು ಎಳೆಯಲಿಲ್ಲ. ನೀನು ನನ್ನ ಹಿಂದೆ ಸುಮ್ಮನೆ ನಿಂತಿದ್ದೆ. ನನ್ನ ಮೊಣಕೈ ತಗುಲಿತು. ಪ್ರತಿ ಫೋಟೋದಲ್ಲೂ ನಿನ್ನ ಕೊರಳನ್ನು ಕೆರೆಯುವಾಗ ನಾನು ನಿನ್ನ ಚೆಂದವನ್ನು ನೋಡುತ್ತಿರಲಿಲ್ಲ, ನನ್ನ ಮೊಣಕೈಯನ್ನು ಅಳಿಸುತ್ತಿದ್ದೆ.

ಮನೆಗೆ ಬಂದು ನಿನ್ನ ಹಳೇ ನೆಗೆಟಿವ್‌ಗಳನ್ನೆಲ್ಲ ಹುಡುಕಿದೆ, ಒಂದಾದರೂ ಹಾಗೇ ಉಳಿದಿದೆಯೇ ಎಂದು. ಇಲ್ಲ. ಹದಿನಾಲ್ಕೂ ಕೆರೆದವೇ. ನಿನಗೆ ವಾಪಸು ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಭಾನುವಾರ ಹಿರಿಯರಿಗೆ ಎಲ್ಲವನ್ನೂ ಹೇಳುತ್ತೇನೆ.

ಅಪ್ಪ

———

ಮೇ 17

ಅಪ್ಪನಿಗೆ,

ಐದು ವಾರ ನಿಮ್ಮ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಉತ್ತರ ಬರೆಯಲು ಕೂತರೆ ಅಮ್ಮನ ಬೈಗುಳವೇ ಕಿವಿಯಲ್ಲಿ. ಸುಮ್ಮನಿರದ ಕೈ. ನಾನು ಅದನ್ನು ನಂಬಿದ್ದೆ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಇವತ್ತು ಬರೆದರೆ ಅದು ಸುಳ್ಳಾಗುತ್ತದೆ. ಕ್ಷಮಿಸಲು ಆಗಲಿ ಎಂದು ದೇವರನ್ನು ಕೇಳಿಕೊಳ್ಳುತ್ತಿದ್ದೇನೆ, ಪ್ರತಿದಿನ. ನಾಲಿಗೆ ಇನ್ನೂ ಹೊರಳಿಲ್ಲ.

ಕ್ಯಾಮೆರಾ ಬೀರುವಿನಲ್ಲೇ ಇದೆ. ಬೀಗ ಬಿದ್ದಾಗಿನಿಂದ ಮೂರು ಮಕ್ಕಳು ಹೋದವು. ಒಂದಕ್ಕೂ ಫೋಟೋ ಇಲ್ಲ. ಮೂರರ ಮುಖವನ್ನೂ ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ. ಮೊದಲನೆಯದು ಆಗಲೇ ಮಸುಕಾಗುತ್ತಿದೆ.

ಡ್ರೈವರ್ ಲಾರಿಗೆ ಮರಳಿದ್ದಾನೆ. ಊರಿನಲ್ಲಿದ್ದ ದಿನ ಈಗಲೂ ಗೇಟಿನ ಹತ್ತಿರ ಬಂದು ನಿಲ್ಲುತ್ತಾನೆ. ಯಾರನ್ನೂ ಏನೂ ಕೇಳುವುದಿಲ್ಲ, ಮಕ್ಕಳ ಕೈ ನೋಡಿ ಹೋಗುತ್ತಾನೆ.

ನಿನ್ನೆ ಅವನ ಹೆಂಡತಿ ಬಂದಿದ್ದಳು. ಹೊಲಿದ ಅಂಗಿಗಳನ್ನು ವಾರ್ಡಿಗೆ ಕೊಡಲು ತಂದಿದ್ದಳು, ಏಳು ಅಂಗಿ. ಆಮೇಲೆ ಪರ್ಸಿನಿಂದ ಮಗುವಿನ ಫೋಟೋ ತೆಗೆದು ತೋರಿಸಿದಳು. ಕಿರುಬೆರಳ ಪಕ್ಕ, ಕಪ್ಪು ಶಾಲಿನ ಮೇಲೆ, ಸೂಜಿಯಿಂದ ಚುಚ್ಚಿ ಕಂದು ನೂಲಿನಲ್ಲಿ ನಾಲ್ಕು ಹೊಲಿಗೆ ಹಾಕಿದ್ದಾಳೆ. ಅದರ ತುದಿಗೆ ಉಗುರಿಗೆಂದು ಬಿಳಿ ನೂಲಿನ ಒಂದು ಚುಕ್ಕೆ. "ಜಾಗ ನನಗೆ ಗೊತ್ತಲ್ಲ ಸಿಸ್ಟರ್. ಎರಡು ದಿನ ಹಿಡ್ಕೊಂಡಿದ್ದೆ" ಎಂದಳು. ಬೆರಳಿನಿಂದ ಮುಟ್ಟಿ ನೋಡಿದೆ. ಉಬ್ಬಾಗಿ ಸಿಗುತ್ತದೆ. ಫೋಟೋದ ಹಿಂದೆ ಗಂಟು ಹಾಕಿದ್ದಾಳೆ, ಬಿಚ್ಚದ ಹಾಗೆ.

ಹೋಗುವಾಗ ಅವಳು ಬಾಗಿಲಲ್ಲಿ ನಿಂತು, "ಸಿಸ್ಟರ್, ನಿಮ್ಮ ಕೊರಳಿಗೆ ಏನಾಗಿತ್ತು?" ಎಂದು ಕೇಳಿದಳು. ಇಲ್ಲಿಗೆ ಬಂದ ಮೇಲೆ ಯಾರೂ ಕೇಳಿರಲಿಲ್ಲ. ಬಿಸಿನೀರು ಬಿತ್ತು, ನಮ್ಮಪ್ಪನ ಕೈ ತಗುಲಿ ಎಂದೆ. ನನ್ನ ಬಾಯಲ್ಲಿ ಅದು ಮೊದಲ ಸಲ ಬಂದದ್ದು.

ಅಪ್ಪ, ಗೋಡೆಯ ಮೇಲಿನ ಹದಿನಾಲ್ಕನ್ನೂ ಇಳಿಸಿ. ಮುಂದಿನ ತಿಂಗಳು ಬನ್ನಿ, ನಿಮ್ಮ ಕ್ಯಾಮೆರಾ ತನ್ನಿ. ಹಾಸ್ಟೆಲಿನ ಮೆಟ್ಟಿಲ ಹತ್ತಿರ ಒಂದು ಕಿಟಕಿಯಿದೆ, ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಬೆಳಕು ಚೆನ್ನಾಗಿರುತ್ತದೆ. ಕೊರಳು ಕಾಣುವ ಹಾಗೆ ಕೂರುತ್ತೇನೆ. ಒಂದೇ ಸಲ ಒತ್ತಿ.

ನಿಮ್ಮ ಮಗಳು